ಕಲ್ಲಿಲ್ಲದ ಊರಿನ ಗುಮ್ಮಟ: ಮುಲ್ತಾನಿನ ರುಕ್ನ್-ಎ-ಆಲಮ್ ದರ್ಗಾ ಕಟ್ಟಿದ ಬಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಲಾಗಿದೆ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳಿವೆ.)

ಮುಲ್ತಾನಿನ ಬಗ್ಗೆ ಒಂದು ಹಳೆಯ ಪಾರಸಿ ಗಾದೆ ಇದೆ. ಆ ಊರು ಬಂದವರಿಗೆ ನಾಲ್ಕು ಉಡುಗೊರೆ ಕೊಡುತ್ತದಂತೆ: ಧೂಳು, ಬಿಸಿಲು, ಭಿಕ್ಷುಕರು, ಗೋರಿಗಳು. ಗಾದೆ ಕಟ್ಟಿದವನು ಹಂಗಿಸಲೆಂದೇ ಕಟ್ಟಿದ್ದಾನೆ, ಇರಲಿ. ಆದರೆ ಅಲ್ಲಿನ ಧೂಳನ್ನೂ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಅಲ್ಲಿನ ಗೋರಿಗಳು ಅರ್ಥವಾಗುವುದಿಲ್ಲ. ಪಾಕಿಸ್ತಾನದ ಪಂಜಾಬಿನಲ್ಲಿ, ಚಿನಾಬ್ ನದಿ ತಂದು ಹರವಿದ ಮೆಕ್ಕಲು ಮಣ್ಣಿನ ಮೇಲೆ ಕೂತ ಊರು ಅದು. ಅಗೆದಷ್ಟೂ ಮಣ್ಣೇ ಸಿಗುತ್ತದೆ, ಕಟ್ಟಡಕ್ಕೆ ಒದಗುವ ಕಲ್ಲು ಹತ್ತಿರದಲ್ಲೆಲ್ಲೂ ಇಲ್ಲ. ಮಳೆ ಕಡಿಮೆ, ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು, ನೆಲದೊಳಗೆ ಸವಳು. ಇಂಥ ಕಡೆ 14ನೆಯ ಶತಮಾನದ ಮೊದಲ ಭಾಗದಲ್ಲಿ ನೂರು ಅಡಿ ಎತ್ತರದ ಒಂದು ಕಟ್ಟಡವನ್ನು ಇಟ್ಟಿಗೆ ಮತ್ತು ಮರದಲ್ಲಿ ನಿಲ್ಲಿಸಿದರು. ಅದು ಇಂದಿಗೂ ನಿಂತಿದೆ.

ಸೂಫಿ ದರ್ಗಾಗಳ ಕಲೆ ಎಂದರೆ ಮಾತು ಸಾಮಾನ್ಯವಾಗಿ ನೀಲಿ ಬಿಲ್ಲೆ (ಟೈಲ್ಸ್), ಬರಹ, ಜಾಲರಿಗಳ ಅಂದದಲ್ಲೇ ಮುಗಿದುಹೋಗುತ್ತದೆ. ನಾವು ಇವತ್ತು ಇನ್ನೊಂದು ದಿಕ್ಕಿನಿಂದ ನೋಡೋಣ. ಈ ಕಟ್ಟಡದಲ್ಲಿ ಅಲಂಕಾರವೆಂದು ಕಾಣುವ ಬಹುಪಾಲು ಸಂಗತಿಗಳು ಕಟ್ಟಡವನ್ನು ನಿಲ್ಲಿಸುವ ಅಥವಾ ಕಾಯುವ ಕೆಲಸವನ್ನೂ ಮಾಡುತ್ತಿವೆ. ಅದನ್ನು ಮರೆತು ದುರಸ್ತಿಗೆ ಕೈಹಾಕಿದಾಗಲೇ ಇಂಥ ಕಟ್ಟಡಗಳು ಹಾಳಾಗುವುದು.

ಯಾರ ದರ್ಗಾ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಬಾಗ್ದಾದಿನ ಶಿಹಾಬುದ್ದೀನ್ ಸುಹ್ರವರ್ದಿಯವರ ಶಿಷ್ಯ ಬಹಾವುದ್ದೀನ್ ಜಕರಿಯಾ ಮುಲ್ತಾನಿನಲ್ಲಿ ಖಾನ್‌ಖಾ, ಅಂದರೆ ಸೂಫಿಗಳ ಮಠ, ಕಟ್ಟಿ ನೆಲೆಸಿದವರು, 1262ರಲ್ಲಿ ತೀರಿಕೊಂಡರು. ಅವರ ಮೊಮ್ಮಗ ರುಕ್ನುದ್ದೀನ್ ಅಬುಲ್ ಫತ್‌ಹ್, ಜನರ ಬಾಯಲ್ಲಿ ರುಕ್ನ್-ಎ-ಆಲಮ್, ತೀರಿಕೊಂಡದ್ದು 1335ರಲ್ಲಿ. ಚಿಶ್ತಿ ಪಂಥದ ಸೂಫಿಗಳು ದರಬಾರಿನಿಂದ ದೂರ ಇರಲು ನೋಡಿದರೆ ಇವರ ಸುಹ್ರವರ್ದಿ ಪಂಥಕ್ಕೆ ಆ ಮಡಿ ಇರಲಿಲ್ಲ. ಸುಲ್ತಾನರ ದತ್ತಿಗಳನ್ನು ಸ್ವೀಕರಿಸಿದರು, ರಾಜಕಾರಣದಲ್ಲೂ ಕೈಯಾಡಿಸಿದರು. ಕಟ್ಟಡದ ಗಾತ್ರಕ್ಕೆ ಇದೂ ಒಂದು ಕಾರಣ. ದಿಲ್ಲಿಯ ಸುಲ್ತಾನ ಗಿಯಾಸುದ್ದೀನ್ ತುಘಲಕ್ 1320–24ರ ಸುಮಾರಿಗೆ ಇದನ್ನು ತನಗಾಗಿ ಕಟ್ಟಿಸಿದ್ದ, ಆಮೇಲೆ ಅದು ಸಂತರಿಗೆ ಸಂದಿತು ಎಂಬುದು ರೂಢಿಯ ಮಾತು. ಈ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ರುಕ್ನ್-ಎ-ಆಲಮರನ್ನು ಮೊದಲು ಅಜ್ಜನ ಗೋರಿಯಲ್ಲಿ ಮಣ್ಣು ಮಾಡಿ, ಬಳಿಕ ಇಲ್ಲಿಗೆ ತಂದರೆಂದು ಪರಂಪರೆ ಹೇಳುತ್ತದೆ.

ಈಗ ನಕ್ಷೆಗೆ ಬರೋಣ. ಹಳೆಯ ಕೋಟೆಯ ದಿಬ್ಬದ ಮೇಲೆ ಎರಡೂ ಗೋರಿಗಳು ಇವೆ. ಅಜ್ಜನದು ಕೆಳಗೆ ಚೌಕ, ಅದರ ಮೇಲೆ ಎಂಟುಮೂಲೆ, ಅದರ ಮೇಲೆ ಗುಮ್ಮಟ. ಮೊಮ್ಮಗನದು ನೆಲದಿಂದಲೇ ಎಂಟುಮೂಲೆ. ಒಳಗಿನ ಅಡ್ಡಳತೆ 51 ಅಡಿ 9 ಅಂಗುಲ. ಗೋಡೆಯ ಎತ್ತರ 41 ಅಡಿ 4 ಅಂಗುಲ, ದಪ್ಪ 13 ಅಡಿ 3 ಅಂಗುಲ. ಅದರ ಮೇಲೆ ಕಿರಿದಾದ ಇನ್ನೊಂದು ಎಂಟುಮೂಲೆ, ಸುತ್ತ ಓಡಾಡಲು ಸಣ್ಣ ಹಾದಿ ಬಿಟ್ಟು. ಅದರ ಮೇಲೆ ಹೊರ ಅಡ್ಡಳತೆ 58 ಅಡಿಯ ಗುಮ್ಮಟ. ಒಟ್ಟು ನೂರು ಅಡಿ, ದಿಬ್ಬದ ಎತ್ತರ ಸೇರಿಸಿದರೆ ಕೆಳಗಿನ ರಸ್ತೆಯಿಂದ ಸುಮಾರು 150 ಅಡಿ. ಬಯಲು ಸೀಮೆಯಾದ್ದರಿಂದ ಬಹಳ ದೂರಕ್ಕೇ ಕಾಣುತ್ತದೆ.

ಎಂಟುಮೂಲೆಯನ್ನು ನೆಲದ ಮೇಲೆ ಗುರುತು ಹಾಕುವುದು ಮೇಸ್ತ್ರಿಗಳಿಗೆ ಕಷ್ಟದ ಕೆಲಸವಲ್ಲ. ನಾಲ್ಕು ಗೂಟ, ಒಂದು ಹಗ್ಗ ಸಾಕು. ಮೊದಲು 52 ಅಡಿಯ ಚೌಕ ಹಾಕಿ. ಮೂಲೆಯಿಂದ ಮೂಲೆಗೆ ಹಗ್ಗ ಎಳೆದು ಅದನ್ನು ಅರ್ಧಕ್ಕೆ ಮಡಚಿ, 36 ಅಡಿ 9 ಅಂಗುಲ ಬರುತ್ತದೆ. ಆ ಅರ್ಧ ಹಗ್ಗವನ್ನು ಒಂದು ಮೂಲೆಯ ಗೂಟಕ್ಕೆ ಕಟ್ಟಿ ಕಂಸ ಎಳೆದರೆ ಅಕ್ಕಪಕ್ಕದ ಎರಡು ಬದಿಗಳನ್ನು ಅದು ಎಲ್ಲಿ ಮುಟ್ಟುತ್ತದೋ ಅಲ್ಲಿ ಗುರುತು ಹಾಕಿ. ನಾಲ್ಕೂ ಮೂಲೆಗಳಿಂದ ಹೀಗೇ ಮಾಡಿದರೆ ಎಂಟು ಗುರುತು ಸಿಗುತ್ತವೆ. ಅವನ್ನು ಸೇರಿಸಿದರೆ ಎಂಟು ಸಮ ಬದಿಗಳು, ಒಂದೊಂದೂ ಸುಮಾರು 21 ಅಡಿ 6 ಅಂಗುಲ. ಇಲ್ಲಿ ಕೈಕೊಡುವುದು ಹಗ್ಗ. ಹಸಿಯಾದ ಹಗ್ಗ ಗಿಡ್ಡವಾಗುತ್ತದೆ, ಜಗ್ಗಿ ಹಿಡಿದರೆ ಉದ್ದವಾಗುತ್ತದೆ. ಆದ್ದರಿಂದ ಎದುರುಬದುರು ಮೂಲೆಗಳ ನಾಲ್ಕೂ ಅಡ್ಡಳತೆ ಒಂದೇ ಬರುತ್ತವೆಯೇ ಎಂದು ತಾಳೆ ನೋಡದೆ ತಳಪಾಯ ತೋಡಬಾರದು.

ಎಂಟುಮೂಲೆಯ ಲಾಭ ಗೊತ್ತಾಗುವುದು ಗುಮ್ಮಟ ಏರಿಸುವಾಗ. ಗುಮ್ಮಟದ ತಳ ದುಂಡು, ಕೋಣೆ ಚೌಕ. ನಡುವೆ ಉಳಿಯುವ ಮೂಲೆಗಳನ್ನು ಮೂಲೆಗಮಾನು ಕಟ್ಟಿ ಮುಚ್ಚಬೇಕು. 52 ಅಡಿಯ ಚೌಕವಾದರೆ ಎಂಟುಮೂಲೆ ಮಾಡಿಕೊಳ್ಳಲು ಒಂದೊಂದು ಮೂಲೆಗಮಾನಿನ ಹರವು 21 ಅಡಿ 6 ಅಂಗುಲ. ಮೂಲೆಯ ತುದಿಯಿಂದ ಅದು 10 ಅಡಿ 9 ಅಂಗುಲ ಒಳಕ್ಕೆ ಚಾಚಬೇಕು. ಅಷ್ಟು ದೊಡ್ಡ ಕಮಾನನ್ನು ಇಟ್ಟಿಗೆಯಲ್ಲಿ ಮೂಲೆಗೆ ಅಡ್ಡಲಾಗಿ ಕಟ್ಟಿ, ಅದರ ಮೇಲೆ ಗುಮ್ಮಟದ ಭಾರ ಕೂರಿಸಬೇಕು. ಕೆಳಗಿನಿಂದಲೇ ಎಂಟುಮೂಲೆ ಇದ್ದರೆ ಮುಂದಿನ ಹೆಜ್ಜೆ ಎಂಟರಿಂದ ಹದಿನಾರು. ಆಗ ಕಮಾನಿನ ಹರವು ಬರೀ 10 ಅಡಿ 4 ಅಂಗುಲ, ಚಾಚು ಎರಡು ಅಡಿ ಚಿಲ್ಲರೆ. ಹದಿನಾರರಿಂದ ದುಂಡಿಗೆ ಬರಲು ಇಟ್ಟಿಗೆಯ ಕೆಲವು ಸಾಲುಗಳನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ಹಾಕಿದರಾಯಿತು. ಎಂಟು ಬಾಗಿಲಿನ ಸ್ವರ್ಗ ಅದು ಇದು ಎಂದು ಎಂಟುಮೂಲೆಗೆ ಕೊಡುವ ಸಾಂಕೇತಿಕ ಅರ್ಥಗಳನ್ನು ನಾವು ತಳ್ಳಿಹಾಕುತ್ತಿಲ್ಲ. ಮೇಸ್ತ್ರಿಯ ಲೆಕ್ಕವನ್ನು ಮೊದಲು ನೋಡಿ, ಆಮೇಲೆ ಸ್ವರ್ಗಕ್ಕೆ ಹೋಗೋಣ ಎನ್ನುತ್ತೇವೆ ಅಷ್ಟೆ.

ಗುಮ್ಮಟ ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ಹೊರಕ್ಕೂ ತಳ್ಳುತ್ತದೆ. ಇಟ್ಟಿಗೆ ಒತ್ತುವ ಭಾರ ತಡೆದೀತು, ಎಳೆತ ತಡೆಯದು. ಅದಕ್ಕೆ ಇಲ್ಲಿ ಮೂರು ಉಪಾಯ ಮಾಡಿದ್ದಾರೆ. ಒಂದು, ಎಂಟೂ ಮೂಲೆಗಳಲ್ಲಿ ಮೇಲೆ ಹೋದಂತೆ ಸಣ್ಣದಾಗುವ ದುಂಡು ಬುರುಜುಗಳು. ಹೊರಕ್ಕೆ ತಳ್ಳುವ ಬಲ ಗೋಡೆಯ ಕೆಳಗೆ ಇಳಿದಂತೆ ಹೊರಹೊರಕ್ಕೆ ಸರಿಯುತ್ತದೆ. ತಳದಲ್ಲಿ ಅಗಲವಾದ ಈ ಬುರುಜುಗಳು ಅದನ್ನು ಹೊರಗೆ ಬೀಳಗೊಡದೆ ತಳಪಾಯಕ್ಕೆ ಇಳಿಸುತ್ತವೆ. ಎರಡು, ಗುಮ್ಮಟದ ಬುಡದ ಸುತ್ತ ಎದ್ದಿರುವ ಎರಡನೆಯ ಎಂಟುಮೂಲೆ. ಅದರ ತೂಕ ಕೆಳಕ್ಕೆ ಅದುಮುವುದರಿಂದ ಗುಮ್ಮಟದ ತಳ್ಳಾಟದ ದಿಕ್ಕು ನೆಟ್ಟಗಾಗುತ್ತದೆ. ಮೂರನೆಯದು ಮರ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಗೋಡೆಯನ್ನು ಹತ್ತಿರದಿಂದ ನೋಡಿದರೆ ಇಟ್ಟಿಗೆಯ ಸಾಲುಗಳ ನಡುವೆ ಅಲ್ಲಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಕಾಣುತ್ತವೆ. ಬಣ್ಣವಲ್ಲ, ಶೀಶಮ್ ಮರದ ತೊಲೆಗಳು. ನಮ್ಮ ಬೀಟೆಯ ಕುಲದ್ದೇ ಮರ. ಏಳುನೂರು ವರ್ಷಗಳಲ್ಲಿ ಕಪ್ಪಾಗಿದೆ. ಗಾಡಿ ಚಕ್ರಕ್ಕೆ ಬಿಗಿದ ಕಬ್ಬಿಣದ ಪಟ್ಟಿಯಂತೆ ಈ ತೊಲೆಗಳು ಎಂಟುಮೂಲೆಯನ್ನು ಹಿಡಿದಿಡುತ್ತವೆ. ಇಟ್ಟಿಗೆಗೆ ಆಗದ ಎಳೆತವನ್ನು ಮರದ ಎಳೆಗಳು ಹೊರುತ್ತವೆ. ಮೆಕ್ಕಲು ಮಣ್ಣಿನ ಮೇಲೆ ಕಟ್ಟಡ ಒಂದೇ ಸಮ ಕೂರುವುದಿಲ್ಲ, ಒಂದು ಬದಿ ಅರ್ಧ ಅಂಗುಲ ಹೆಚ್ಚು ಇಳಿದೀತು. ಆಗ ಮರ ತುಸು ಬಾಗುತ್ತದೆ, ಬಿರುಕು ಗೋಡೆಯ ಉದ್ದಕ್ಕೂ ಓಡದೆ ಆ ಸಾಲಿನಲ್ಲೇ ನಿಲ್ಲುತ್ತದೆ. ಭೂಕಂಪದಲ್ಲೂ ಇದೇ ಉಪಕಾರ. ಕೆಡುವುದು ಎರಡು ರೀತಿ. ಒಣಗದ ಮರ ಹಾಕಿದರೆ ಗೋಡೆಯೊಳಗೆ ಕುಗ್ಗಿ ಸಡಿಲಾಗುತ್ತದೆ. ನೀರು ನಿಂತು ಲಡ್ಡಾದರೆ ಅಥವಾ ಗೆದ್ದಲು ತಿಂದರೆ ತೊಲೆಯಿದ್ದ ಜಾಗ ಪೊಳ್ಳಾಗಿ ಮೇಲಿನ ಇಟ್ಟಿಗೆಗಳು ಕುಸಿಯುತ್ತವೆ. ಅಂಥ ಕಡೆ ಸಿಮೆಂಟು ತುಂಬಿದರೆ ಬಿರುಕು ಮುಚ್ಚೀತು, ಎಳೆತ ಹಿಡಿಯುವ ಪಟ್ಟಿ ಮಾತ್ರ ತುಂಡಾಗಿಯೇ ಉಳಿಯುತ್ತದೆ. ಹೊಸ ಒಣಮರವನ್ನು ಹಳೆಯದರ ತುದಿಗೆ ಕಚ್ಚುಕೊಟ್ಟು ಜೋಡಿಸಬೇಕು.

ಒಳಗೆ ಪಶ್ಚಿಮದ ಮಿಹ್ರಾಬ್ (ಪ್ರಾರ್ಥನೆಯ ದಿಕ್ಕು ತೋರುವ ಗೂಡು) ಕೂಡ ಶೀಶಮ್ ಮರದ್ದೇ, ತುಂಬಾ ಕೆತ್ತನೆಯುಳ್ಳದ್ದು. ಉಪಖಂಡದಲ್ಲಿ ಉಳಿದಿರುವ ಮರದ ಮಿಹ್ರಾಬ್‌ಗಳಲ್ಲಿ ಬಹಳ ಹಳೆಯದೆಂದು ಲೆಕ್ಕ. ಸಂತರ ಗೋರಿಯ ಸುತ್ತ ವಂಶದವರ ಗೋರಿಗಳು ಒತ್ತೊತ್ತಾಗಿ ಇವೆ.

ಬುರುಜುಗಳ ಇಳಿಜಾರಿನ ಮಾತು ಬಂತಲ್ಲ, ಅದರ ಪ್ರಯಾಣ ನಮ್ಮ ಕಲಬುರಗಿಯವರೆಗೂ ಇದೆ. ತುಘಲಕರು ದಿಲ್ಲಿಯಲ್ಲಿ ಕಟ್ಟಿದ ಕಟ್ಟಡಗಳಲ್ಲಿ ಗೋಡೆಗಳೇ ಒಳಕ್ಕೆ ವಾಲಿವೆ, ತುಘಲಕಾಬಾದಿನ ಎದುರಿಗಿರುವ ಗಿಯಾಸುದ್ದೀನನ ಗೋರಿ ನೋಡಿದರೆ ಥಟ್ಟನೆ ಗೊತ್ತಾಗುತ್ತದೆ. ಈ ವಾಲಿಕೆ ಮುಲ್ತಾನಿನ ಇಟ್ಟಿಗೆ ಕಟ್ಟಡಗಳಿಂದ ಬಂದದ್ದೆಂದು ಬಹಳ ವಿದ್ವಾಂಸರು ಹೇಳುತ್ತಾರೆ. ಮುಹಮ್ಮದ್ ಬಿನ್ ತುಘಲಕ್ 1327ರಲ್ಲಿ ದೌಲತಾಬಾದಿಗೆ ರಾಜಧಾನಿ ಎಬ್ಬಿಸಿದಾಗ ಅಧಿಕಾರಿಗಳು, ಸೂಫಿಗಳು, ಕುಶಲಕರ್ಮಿಗಳು ದಖ್ಖನಿಗೆ ಬಂದರು. 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ 1358ರಲ್ಲಿ ತೀರಿಕೊಂಡ. ಕಲಬುರಗಿಯಲ್ಲಿರುವ ಅವನ ಗೋರಿಯ ಗೋಡೆಗಳಲ್ಲೂ ಅದೇ ವಾಲಿಕೆ, ಅದೇ ತಗ್ಗಾದ ಗುಮ್ಮಟ. ಕಲ್ಲು ಬೇಕಾದಷ್ಟು ಸಿಗುವ ಸೀಮೆಯಲ್ಲಿ ಅಷ್ಟು ಸಣ್ಣ ಕಟ್ಟಡಕ್ಕೆ ಅದು ಅಗತ್ಯವೇನಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮೆತ್ತನೆಯ ಇಟ್ಟಿಗೆಯ ನಾಡಿನಲ್ಲಿ ಹುಟ್ಟಿದ ಉಪಾಯ ಇಲ್ಲಿಗೆ ಬರುವಷ್ಟರಲ್ಲಿ ಶೈಲಿಯಾಗಿತ್ತು. 1400ರ ಸುಮಾರಿಗೆ ಬಂದೇನವಾಜ್ ಗೇಸುದರಾಜರು ಕಲಬುರಗಿಗೆ ಬಂದು, 1422ರಲ್ಲಿ ತೀರಿಕೊಂಡ ಮೇಲೆ ಎದ್ದ ಅವರ ದರ್ಗಾದಲ್ಲಿ ಹೊರಮುಖ ಎರಡು ಅಂತಸ್ತಿನ ಕಮಾನುಗೂಡುಗಳಾಗಿ ಒಡೆದುಕೊಂಡಿದೆ. ದಖ್ಖನ್ ತನ್ನ ದಾರಿ ಹಿಡಿಯಲು ಶುರುಮಾಡಿತ್ತು.

ಇನ್ನು ಬಿಲ್ಲೆಗಳು. ಎಲ್ಲರೂ ಫೋಟೊ ತೆಗೆಯುವುದು ಇವುಗಳನ್ನೇ. ಕೆಂಪು ಇಟ್ಟಿಗೆಯ ಹಿನ್ನೆಲೆಯ ಮೇಲೆ ಕಡುನೀಲಿ, ಆಕಾಶನೀಲಿ, ಬಿಳಿ ಈ ಮೂರೇ ಬಣ್ಣ. ವಿಶೇಷ ಏನೆಂದರೆ ವಿನ್ಯಾಸ ಗೋಡೆಗೆ ಸಮವಾಗಿಲ್ಲ, ಅರ್ಧ ಅಂಗುಲದಿಂದ ಎರಡು ಅಂಗುಲದವರೆಗೆ ಮುಂದಕ್ಕೆ ಎದ್ದಿದೆ. ಹೀಗಾಗಿ ಬಣ್ಣದ ಜೊತೆಗೆ ನೆರಳೂ ವಿನ್ಯಾಸದೊಳಗೆ ಸೇರಿಕೊಳ್ಳುತ್ತದೆ. ಮುಲ್ತಾನಿನ ನೆತ್ತಿಸುಡುವ ಬಿಸಿಲಿನಲ್ಲಿ ಸಮತಟ್ಟಾದ ಬಿಲ್ಲೆ ಬರೀ ಫಳಫಳಿಸುತ್ತದೆ, ಗೆರೆ ಕಾಣುವುದಿಲ್ಲ. ಎದ್ದ ಅಂಚು ನೆರಳು ಬೀಳಿಸಿದಾಗಲೇ ನಕ್ಷತ್ರ, ಷಟ್ಕೋನಗಳು ಕಣ್ಣಿಗೆ ಬೀಳುವುದು. ಬೀದರಿನ ಮಹಮೂದ್ ಗವಾನ್ ಮದರಸಾದ (1472) ಬಿಲ್ಲೆ ಕೆಲಸದ ರೀತಿ ಬೇರೆ. ಅಲ್ಲಿ ಇರಾನಿ ಪದ್ಧತಿಯಂತೆ ಬಣ್ಣದ ಬಿಲ್ಲೆಗಳನ್ನು ಕತ್ತರಿಸಿ ಗೋಡೆಗೆ ಸಮನಾಗಿ ಜೋಡಿಸಿದ್ದಾರೆ. ಮುಲ್ತಾನಿನ ತುಂಡುಗಳು ದಪ್ಪ, ಅವುಗಳ ಹಿಂಭಾಗ ಗೋಡೆಯೊಳಕ್ಕೆ ಕಚ್ಚಿಕೊಂಡಿರುತ್ತದೆ.

ಮಾಡುವ ಕ್ರಮವನ್ನು ಕಾಶಿಕಾರರ, ಅಂದರೆ ಬಿಲ್ಲೆ ಮಾಡುವವರ, ಹಳೆಯ ಪದ್ಧತಿಯಂತೆ ಹೇಳುವುದಾದರೆ ಹೀಗಿದೆ. ಮಣ್ಣನ್ನು ಜರಡಿ ಹಿಡಿದು, ನೆನೆಹಾಕಿ, ಉಪ್ಪು ಬಿಡುವಂತೆ ನೀರು ಬದಲಿಸಿ, ತುಳಿದು ಹದ ಮಾಡುತ್ತಾರೆ. ಮಣ್ಣು ಒಣಗುವಾಗ ಮತ್ತು ಸುಡುವಾಗ ನೂರಕ್ಕೆ ಎಂಟು ಹತ್ತರಷ್ಟು ಕುಗ್ಗುತ್ತದೆ, 12 ಅಂಗುಲದ ತುಂಡು ಬೇಕಾದರೆ ಅಚ್ಚು 13 ಅಂಗುಲಕ್ಕೂ ಮಿಕ್ಕಿರಬೇಕು. ಜ್ಯಾಮಿತಿಯ ವಿನ್ಯಾಸದಲ್ಲಿ ಒಂದೊಂದು ತುಂಡು ಎಂಟನೇ ಒಂದು ಅಂಗುಲ ತಪ್ಪಿದರೂ ಹತ್ತು ತುಂಡು ಸೇರುವಷ್ಟರಲ್ಲಿ ಒಂದೂಕಾಲು ಅಂಗುಲ ತಪ್ಪುತ್ತದೆ, ನಕ್ಷತ್ರದ ಮೂಲೆ ಕೂಡುವುದೇ ಇಲ್ಲ. ನೆರಳಲ್ಲಿ ಒಣಗಿಸಿ ಒಮ್ಮೆ ಸುಟ್ಟ ಮೇಲೆ ಕೆಂಪು ಮಣ್ಣು ಕಾಣದಂತೆ ಬೆಣಚುಕಲ್ಲಿನ ನುಣ್ಣನೆ ಪುಡಿಯ ಬಿಳಿ ಲೇಪ ಕೊಡುತ್ತಾರೆ. ಅದರ ಮೇಲೆ ಬಣ್ಣ: ಕಡುನೀಲಿಗೆ ಕೋಬಾಲ್ಟ್, ಆಕಾಶನೀಲಿಗೆ ತಾಮ್ರ. ಎಲ್ಲದರ ಮೇಲೆ ಗಾಜಿನ ಮೆರುಗು. ಸವಳು ನೆಲದ ಗಿಡಗಳನ್ನು ಸುಟ್ಟ ಬೂದಿಯ ಖಾರ (ಕ್ಷಾರ), ಅಂದರೆ ಸಜ್ಜಿಯನ್ನು ಬೆಣಚುಪುಡಿಯ ಜೊತೆ ಕರಗಿಸಿ ಗಾಜು ಮಾಡಿ, ಅದನ್ನು ಮತ್ತೆ ಅರೆದು ನೀರಲ್ಲಿ ಕಲಸಿ ಹಚ್ಚುತ್ತಾರೆ. ಎರಡನೆಯ ಸಲ 900 ಡಿಗ್ರಿ ಆಸುಪಾಸಿನಲ್ಲಿ ಸುಡುತ್ತಾರೆ.

ಖಾರದ ಮೆರುಗಿನಲ್ಲಷ್ಟೇ ತಾಮ್ರ ಆ ನೀಲಿ ಕೊಡುತ್ತದೆ. ಸೀಸದ ಮೆರುಗಿನಲ್ಲಿ ಅದೇ ತಾಮ್ರ ಹಸಿರಾಗುತ್ತದೆ. ಈಗಿನ ದುರಸ್ತಿಗಳಲ್ಲಿ ಹೊಸ ತುಂಡು ಹಳೆಯದರ ಪಕ್ಕ ಹಸಿರುಹಸಿರಾಗಿ ಕಂಡರೆ ಮೆರುಗು ಬದಲಾಗಿದೆಯೇ ಎಂದು ಮೊದಲು ವಿಚಾರಿಸಿ. ಆದರೆ ಖಾರದ ಮೆರುಗಿಗೆ ಒಂದು ದೋಷ ಉಂಟು. ಆರುವಾಗ ಅದು ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ, ಮೈಮೇಲೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಬೆಣಚಿನ ಲೇಪ ನಡುವೆ ಇರುವುದು ಬಿಳುಪಿಗೆ ಮಾತ್ರವಲ್ಲ, ಈ ಜಗಳ ಬಿಡಿಸುವುದಕ್ಕೂ. ಲೇಪ ತೆಳುವಾದರೆ ಮೆರುಗು ಹಾಳೆಹಾಳೆಯಾಗಿ ಕಿತ್ತು ಬರುತ್ತದೆ.

ಬಿಲ್ಲೆ ಉದುರುವುದಕ್ಕೆ ಮುಖ್ಯ ಕಾರಣ ಮಾತ್ರ ಬಿಲ್ಲೆಯಲ್ಲಿಲ್ಲ, ಉಪ್ಪಿನಲ್ಲಿದೆ. ನೆಲದ ತೇವ ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ, ಜೊತೆಗೆ ಸವಳೂ ಏರುತ್ತದೆ. ನೀರು ಆವಿಯಾದ ಕಡೆ ಉಪ್ಪು ಹರಳುಗಟ್ಟುತ್ತದೆ. ಗಾಜಿನ ಮೆರುಗಿನಿಂದ ಆವಿ ಹೊರಹೋಗದು, ಸಂದುಗಳ ಸುಣ್ಣದ ಗಾರೆಯಿಂದ ಹೋಗಬೇಕು. ಗಾರೆ ಮೆತ್ತಗಿದ್ದರೆ ಉಪ್ಪು ಅಲ್ಲಿ ಹೂಬಿಟ್ಟು ಗಾರೆಯೇ ಉದುರುತ್ತದೆ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಸಂದು ತುಂಬಿದರೆ ಆಯಿತು. ಆ ಸಂದಿಗೆ ಸಿಮೆಂಟು ತುಂಬಿದ ದಿನದಿಂದ ಆವಿಗೆ ದಾರಿ ಮುಚ್ಚುತ್ತದೆ, ಹರಳು ಬಿಲ್ಲೆಯ ಬೆನ್ನ ಹಿಂದೆ ಬೆಳೆಯುತ್ತದೆ, ಬಿಲ್ಲೆಯನ್ನು ಹೊರಕ್ಕೆ ನೂಕುತ್ತದೆ. ಸಿಮೆಂಟು ತನ್ನ ಪಾಲಿನ ಉಪ್ಪನ್ನೂ ಸೇರಿಸುತ್ತದೆ. ಗೋಡೆಯ ಕೆಳಗಿನ ಆಳೆತ್ತರದ ಬಿಲ್ಲೆಗಳು ಮೊದಲು ಹೋಗಿ ಮೇಲಿನವು ಉಳಿಯುವುದು ಇದೇ ಕಾರಣಕ್ಕೆ. ಭಕ್ತರ ಕೈ ತಗಲಿ ಹೋಯಿತೆನ್ನುವುದು ಅರ್ಧ ಸತ್ಯ.

ಅದೇ ದಿಬ್ಬದ ಅಜ್ಜನ ಗೋರಿ 1848–49ರಲ್ಲಿ ಬ್ರಿಟಿಷರು ಹಾಕಿದ ಮುತ್ತಿಗೆಯಲ್ಲಿ ತೀರಾ ಜಖಂಗೊಂಡು ಬಳಿಕ ಮತ್ತೆ ಕಟ್ಟಲ್ಪಟ್ಟಿತು. ಪಕ್ಕದ ಪ್ರಹ್ಲಾದಪುರಿ ನರಸಿಂಹ ಗುಡಿಗೂ ಆಗ ಏಟು ಬಿತ್ತು. ಆ ಗುಡಿಯನ್ನು 1992ರಲ್ಲಿ ಕೆಡವಿದರು. ಮುಲ್ತಾನಿನ ದಕ್ಷಿಣಕ್ಕೆ ಉಚ್ ಷರೀಫಿನಲ್ಲಿರುವ ಬೀಬಿ ಜವಿಂದಿಯ ಗೋರಿ, 15ನೆಯ ಶತಮಾನದ ಕೊನೆಯದು, ಇದೇ ಎಂಟುಮೂಲೆಯ ಕುಟುಂಬದ್ದು. 19ನೆಯ ಶತಮಾನದ ಆರಂಭದ ನೆರೆ ಅದರ ಅರ್ಧವನ್ನು ಕೊಚ್ಚಿಕೊಂಡು ಹೋಯಿತು. ಉಳಿದರ್ಧದಲ್ಲಿ ಗೋಡೆಯ ದಪ್ಪ, ಮೂಲೆಗಮಾನು, ಗುಮ್ಮಟದ ಹೊಟ್ಟೆ ಎಲ್ಲವೂ ಅಡ್ಡ ಸೀಳಿದಂತೆ ಕಾಣುತ್ತವೆ. ವಾಸ್ತುಶಿಲ್ಪ ಓದುವವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ, ಹೇಳಲು ಸಂಕಟವಾದರೂ.

ರುಕ್ನ್-ಎ-ಆಲಮ್ ದರ್ಗಾದ ದೊಡ್ಡ ಜೀರ್ಣೋದ್ಧಾರ ನಡೆದದ್ದು 1970ರ ದಶಕದಲ್ಲಿ, ಪಂಜಾಬಿನ ಔಕಾಫ್ (ವಕ್ಫ್ ಆಸ್ತಿಗಳ) ಇಲಾಖೆಯಿಂದ. ಅಷ್ಟರಲ್ಲಿ ಹಳೆಯ ಮಾದರಿಯ ಬಿಲ್ಲೆ ಮಾಡುವ ಕಸುಬು ಬಹುಪಾಲು ನಿಂತುಹೋಗಿತ್ತು. ಸ್ಥಳೀಯ ಕುಶಲಕರ್ಮಿಗಳನ್ನು ಹೊಸದಾಗಿ ತರಬೇತಿಗೊಳಿಸಿ ಮರದ ಕೆತ್ತನೆ, ಇಟ್ಟಿಗೆ, ಬಿಲ್ಲೆ ಕೆಲಸಗಳನ್ನು ಮತ್ತೆ ಎಬ್ಬಿಸಿದರು. 1983ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದದ್ದರಲ್ಲಿ ಇದಕ್ಕೂ ಪಾಲಿದೆ. ಹೊಸ ತುಂಡು ಇಷ್ಟೊಂದು ಹಾಕಬೇಕಿತ್ತೇ ಎಂದು ತಕರಾರು ತೆಗೆಯುವವರು ಇದ್ದಾರೆ. ನಮ್ಮ ಮಟ್ಟಿಗೆ, ಉಪಯೋಗದಲ್ಲಿರುವ ದರ್ಗಾದಲ್ಲಿ ಬಿಲ್ಲೆ ಗೋಡೆಯ ಚರ್ಮ. ಅದನ್ನು ಅರ್ಧಕ್ಕೆ ಬಿಟ್ಟರೆ ಇಟ್ಟಿಗೆಗೆ ನೀರು ಹೊಕ್ಕು ತೊಲೆಯವರೆಗೂ ಹೋಗುತ್ತದೆ.

ಪ್ರಶ್ನೆ: ನಮ್ಮೂರಿನ ಹಳೆಯ ದರ್ಗಾದ ಗೋಡೆಯ ಕೆಳಭಾಗದಲ್ಲಿ ಗಿಲಾವು ಉದುರುತ್ತಿದೆ. ಕಮಿಟಿಯವರು ನಾಲ್ಕು ಅಡಿ ಗ್ರಾನೈಟ್ ಹೊದಿಸಬೇಕು ಅಂತಿದ್ದಾರೆ. ಸರಿಯೇ?

ದಯವಿಟ್ಟು ಬೇಡ. ನಾಲ್ಕು ಅಡಿ ಮುಚ್ಚಿದರೆ ತೇವ ಐದನೆಯ ಅಡಿಗೆ ಏರುತ್ತದೆ, ಅಷ್ಟೇ ವ್ಯತ್ಯಾಸ. ಮೊದಲು ಚಾವಣಿಯ ನೀರು ಎಲ್ಲಿ ಬೀಳುತ್ತದೆ ನೋಡಿ, ಗೋಡೆಯ ಬುಡದಲ್ಲೇ ಬೀಳುತ್ತಿದ್ದರೆ ಅದನ್ನು ದೂರ ಸಾಗಿಸಿ. ಸುತ್ತಲಿನ ನೆಲ ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರಲಿ. ಬುಡಕ್ಕೆ ಒತ್ತಿ ಹಾಕಿದ ಕಾಂಕ್ರೀಟು ಇದ್ದರೆ ತೆಗೆಸಿ. ಆಮೇಲೆ ಸಿಮೆಂಟು ಗಿಲಾವನ್ನು ಸಣ್ಣ ಉಳಿಯಿಂದ ಬಿಡಿಸಿ, ಒಂದು ಬೇಸಿಗೆ ಒಣಗಲು ಬಿಡಿ. ಉಪ್ಪು ಹೂಬಿಟ್ಟರೆ ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ, ನೀರು ಹಾಕಿ ತೊಳೆದರೆ ಅದು ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಕೊನೆಗೆ ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಮರಳಿನ ಗಿಲಾವು ಮಾಡಿಸಿ. ಅದು ಕೆಲವು ವರ್ಷಕ್ಕೆ ಉದುರುತ್ತದೆ. ಉದುರಲಿ, ಗೋಡೆಯ ಬದಲು ಅದು ಹೋಗುವುದೇ ಒಳ್ಳೆಯದು. ಮೇಲೆ ಎಮಲ್ಷನ್ ಅಥವಾ ಆಯಿಲ್ ಪೇಂಟ್ ಬೇಡ, ಸುಣ್ಣವೇ ಸಾಕು.

ಪ್ರಶ್ನೆ: ಎಣ್ಣೆ ದೀಪದ ಮಸಿ, ಅಗರಬತ್ತಿ ಹೊಗೆ ಹಿಡಿದ ಹಳೆಯ ಬಿಲ್ಲೆಗಳನ್ನು ಆಸಿಡ್ ಹಾಕಿ ತೊಳೆಯಬಹುದೇ?

ಬಚ್ಚಲುಮನೆಗೆ ಹಾಕುವ ಆಸಿಡ್ ಸಂದಿನ ಸುಣ್ಣವನ್ನು ಕರಗಿಸುತ್ತದೆ, ಖಾರದ ಮೆರುಗನ್ನೂ ಮಂಕು ಮಾಡುತ್ತದೆ, ಮೇಲಾಗಿ ಒಳಗೆ ಹೊಸ ಉಪ್ಪು ಬಿಟ್ಟುಹೋಗುತ್ತದೆ. ಮೊದಲು ಬಿಲ್ಲೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಅದು ಗೋಡೆಯಿಂದ ಬಿಟ್ಟಿದೆ, ಅದನ್ನು ಮುಟ್ಟದೆ ತಿಳಿದವರನ್ನು ಕರೆಸಿ. ಗಟ್ಟಿ ಇರುವುದನ್ನು ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು, ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯಿಂದ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ಒತ್ತಿ. ಎಣ್ಣೆಜಿಡ್ಡು ಬಿಡದಿದ್ದರೆ ನೀರಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿ, ಕಾಣದ ಮೂಲೆಯ ಒಂದು ಬಿಲ್ಲೆಯ ಮೇಲೆ ಮೊದಲು ನೋಡಿ. ಮೆರುಗಿನ ಬಿರುಕಿನೊಳಗೆ ಕೂತ ಕಪ್ಪು ಹೋಗುವುದಿಲ್ಲ, ಅದನ್ನು ಕೆರೆಯಲು ಹೋಗಬೇಡಿ. ದೀಪಗಳನ್ನು ಗೋಡೆಯಿಂದ ಮೂರು ನಾಲ್ಕು ಅಡಿ ಈಚೆಗೆ, ತಗಡಿನ ತಟ್ಟೆಯಲ್ಲಿ ಇಡುವಂತೆ ಮಾಡಿದರೆ ಮುಂದೆ ಒರೆಸುವ ಕೆಲಸವೇ ಅರ್ಧ ಕಡಿಮೆಯಾಗುತ್ತದೆ.